ಮದುವೆ ಬೇಡದವರ ಅಧ್ಯಾಯ

ನಮ್ಮೂರಲ್ಲಿ ಯಾವ ಪಾಷಂಡ ಮತವನ್ನು ಯಾರು ಖಂಡಿಸುತ್ತಾರೋ ಅವರಿಗೇ ಅದು ಹಿಡಿಯುತ್ತದೆ, ನೆಗಡಿ ಹಿಡಿದ ಹಾಗೆ. ಭಾನುವಾರ ಹಿಡಿದದ್ದು ಮುಂದಿನ ಭಾನುವಾರ ಸಂಜೆಯ ಗಂಟೆ ಹೊಡೆಯುವಾಗ ಬಿಟ್ಟುಹೋಗುತ್ತದೆ. ಬೇರೆ ಊರಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ ಬಿಡಿ, ಅವರವರ ಊರಲ್ಲಿ ಏನೇನು ಹಿಡಿಯುತ್ತದೋ ನಾವೇನು ಕೇಳಲು ಹೋಗಿದ್ದೇವೆಯೇ?

ನಮ್ಮ ಚರ್ಚಿನಲ್ಲಿ ಒಂದು ದಪ್ಪ ಪುಸ್ತಕವಿದೆ. ಕ್ರೈಸ್ತ ಸಭೆ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ದೂರದ ಯಾವುದೋ ದೇಶದ ಬಿಷಪ್ಪರೊಬ್ಬರು ಬರೆದದ್ದಂತೆ. ಆಮೇಲೆ ಎಂದೋ ಇಲ್ಲಿಗೆ ಬಂದ ಪಾದ್ರಿಯೊಬ್ಬರು ಕನ್ನಡಕ್ಕೆ ತಂದರಂತೆ. ದಾರಿ ತಪ್ಪಿದ ಒಂದೊಂದು ಪಂಗಡಕ್ಕೆ ಒಂದೊಂದು ಅಧ್ಯಾಯ. ಮೊದಲು ಆ ಪಂಗಡದವರು ಹೇಳುವುದೇನು, ಆಮೇಲೆ ಅದು ಯಾಕೆ ತಪ್ಪು. ಪಾಪ, ಆ ಜನವೆಲ್ಲ ಮಣ್ಣಾಗಿ ಯಾವ ಕಾಲವಾಯಿತೋ! ಅವರೇ ಬರೆದುಕೊಂಡದ್ದನ್ನೆಲ್ಲ ಯಾರೋ ಸುಟ್ಟರಂತೆ. ಬೈಯುವುದಕ್ಕೆಂದು ಬಿಷಪ್ಪರು ಅಷ್ಟು ಜೋಪಾನವಾಗಿ ಬರೆದಿಟ್ಟರಲ್ಲ, ಅದರಿಂದಲೇ ಆ ಜನರ ಮಾತು ಇಂದಿಗೂ ಉಳಿದಿದೆ. ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ನಗು ಬರುತ್ತದೆ.

ತಿಂಗಳ ಮೊದಲ ಭಾನುವಾರ ಪೂಜೆ ಮುಗಿದ ಮೇಲೆ ಒಂದು ಅಧ್ಯಾಯದ ಖಂಡನೆ ಆಗಲೇಬೇಕು. ಆ ಕೆಲಸ ಉಪದೇಶಿಯದು, ಅಂದರೆ ಮಕ್ಕಳಿಗೆ ಜಪ ಕಲಿಸಿಕೊಂಡು ಚರ್ಚಿನ ಪಾದ್ರಿ ಸಾಮೇರಿಗೆ ನೆರವಾಗಿರುವವನದು. ಆ ಮತದವನೇ ಎದುರಿಗೆ ಕೂತಿದ್ದರೂ "ಹೌದು, ನಾನು ಹೇಳೋದು ಇದೇ" ಎಂದು ತಲೆಯಾಡಿಸುವಂತೆ ಮೊದಲು ಅವನ ವಾದವನ್ನು ಹೇಳಬೇಕು. ಆಮೇಲೆ ಅದನ್ನು ಮುರಿಯಬೇಕು. ಅರೆಮನಸ್ಸಿನಿಂದ ಒದರಿದರೆ ಒದರಿದವನಿಗೆ ಏನೂ ಆಗುವುದಿಲ್ಲ, ಊರಿಗೆ ಊರೇ ಹಿಡಿದುಕೊಳ್ಳುತ್ತದೆ. ಹಿಂದಿನ ಉಪದೇಶಿಯೊಬ್ಬ ಊಟದ ಅವಸರದಲ್ಲಿ, ದ್ರಾಕ್ಷಾರಸ ಬೇಡ ನೀರೇ ಸಾಕು ಎನ್ನುವವರ ಅಧ್ಯಾಯವನ್ನು ಗಡಗಡ ಓದಿ ಎದ್ದುಬಿಟ್ಟನಂತೆ. ವಾರವಿಡೀ ಊರಲ್ಲಿ ಕಾಫಿ ಕೂಡ ಯಾರೂ ಮುಟ್ಟಲಿಲ್ಲ. ಹೆಂಡದಂಗಡಿಯವನು ತಾನೇ ನೀರು ಕುಡಿಯುತ್ತಾ ಅಳುತ್ತಿದ್ದನಂತೆ. ಸಾಮೇರೇ ಖಂಡಿಸಬಾರದೆ ಎಂದು ನೀವು ಕೇಳಬಹುದು. ಹಿಂದೊಬ್ಬರು ಸಾಮೇರು ಹಾಗೆ ಮಾಡಲು ಹೋಗಿ, ಬಿಷಪ್ಪರು ಯಾಕೆ ಬೇಕು ಎನ್ನುವ ಪಂಗಡ ಹಿಡಿದು, ಹಾಗೆಂದು ಬಿಷಪ್ಪರ ಮುಂದೆಯೇ ಹೇಳಿಬಂದರು. ಅಂದಿನಿಂದ ಸಾಮೇರುಗಳಿಗೆ ಆ ಪುಸ್ತಕ ನಿಷೇಧ.

ಇನ್ನೊಂದು ಮಾತು. ಹಿಡಿದವನ ಎದುರು ನಿಂತು ಬೇರೆಯವರು ಸರಿಯಾಗಿ ಖಂಡಿಸಿದರೆ ಅದು ಅವನನ್ನು ಬಿಟ್ಟು ಖಂಡಿಸಿದವರಿಗೆ ದಾಟುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವವರು ಯಾರು?

ಈಗಿನ ಉಪದೇಶಿ ಇನ್ಯಾಸಪ್ಪ. ಅವನ ಹೆಂಡತಿ ರೆಜಿನಮ್ಮ. ನಾನು ಅವರ ಎದುರುಮನೆಯವನು. ಅವರ ಮನೆಯ ಮಾತು ನನ್ನ ಕಿವಿಗೆ ಬೀಳುವುದು ನನ್ನ ತಪ್ಪಲ್ಲ, ನಮ್ಮ ಬೀದಿ ಅಷ್ಟು ಕಿರಿದು. ಮದುವೆಯಾಗಿ ಬಂದಂದಿನಿಂದ ರೆಜಿನಮ್ಮ ಸಂಸಾರ ಮಾಡಿದ್ದು ಒಬ್ಬ ಗಂಡನ ಜೊತೆಯಲ್ಲ. ಒಂದು ತಿಂಗಳು ಅವನು ದೇವರ ಮಗನಿಗೆ ನಿಜವಾದ ಮೈಯೇ ಇರಲಿಲ್ಲ, ಎಲ್ಲಾ ಬರಿ ತೋರಿಕೆ ಎನ್ನುವವನಾಗಿ ಬಂದು ಅನ್ನವನ್ನೇ ನಿರಾಕರಿಸಿದ. "ಈ ಅನ್ನವೂ ತೋರಿಕೇನೇ ಕಣ್ರೀ, ತಿಂದ್ರೇನು ನಷ್ಟ?" ಎಂದು ಅವಳು ತಟ್ಟೆ ತಳ್ಳಿದಳು, ಅವನು ಯೋಚಿಸಿ ಉಂಡ. ಇನ್ನೊಂದು ತಿಂಗಳು ರೊಟ್ಟಿಯ ಜೊತೆ ಗಿಣ್ಣನ್ನೂ ಇಟ್ಟು ಪೂಜೆ ಮಾಡುವವನಾದ, ಆ ವಾರ ಈದ ಎಮ್ಮೆಯನ್ನು ಹುಡುಕಿಕೊಂಡು ಅವಳು ಮೂರು ಬೀದಿ ಅಲೆದಳು. ಮೂಗಿನ ಮೇಲೆ ಬೆರಳಿಟ್ಟು ಮಾತೇ ಆಡದೆ ಜಪ ಮಾಡುವ ಪಂಗಡ ಹಿಡಿದಾಗ ಮಾತ್ರ, "ನನ್ನ ಮದುವೆ ಆದ್ಮೇಲೆ ಇಂಥ ನೆಮ್ಮದಿ ವಾರ ಕಂಡಿಲ್ಲ" ಎಂದು ಬಾವಿಕಟ್ಟೆಯಲ್ಲಿ ಎಲ್ಲರ ಮುಂದೆ ಹೇಳಿ ನಗಿಸಿದಳು.

ಅವರ ಒಬ್ಬಳೇ ಮಗಳು ಸಿಸಿಲಿ. ಬ್ರೆಡ್ಡಿನ ಭಟ್ಟಿಯ ಮರ್ತಮ್ಮನ ಮಗ ಅಂಬ್ರೋಸನಿಗೂ ಅವಳಿಗೂ ಮಾತಾಗಿತ್ತು. ಮಾತಾಗುವುದಕ್ಕೂ ಮುಂಚೆಯೇ ಮನಸ್ಸಾಗಿತ್ತು ಅನ್ನಿ, ನಮ್ಮ ಬೀದಿಗೆ ಮಾತ್ರ ಬ್ರೆಡ್ಡು ಬಿಸಿಬಿಸಿಯಾಗಿ ಬರುತ್ತಿತ್ತು. ಆದರೆ ನಮ್ಮಲ್ಲಿ ಮದುವೆಯೆಂದರೆ ತಂದೆಯಾದವನು ಮಗಳ ಕೈಯನ್ನು ವರನ ಕೈಯಲ್ಲಿಟ್ಟು ಎಲ್ಲರಿಗೂ ಕೇಳುವಂತೆ "ಕೊಟ್ಟೆ" ಎನ್ನಬೇಕು. ತಂದೆ ಬದುಕಿರುವಾಗ ಆ ಮಾತನ್ನು ಬೇರೆ ಯಾರೂ ಆಡುವಂತಿಲ್ಲ. ಹೋದ ವರ್ಷ ಎಲ್ಲಾ ತಯಾರಾಗಿತ್ತು, ಇನ್ಯಾಸಪ್ಪನಿಗೆ ಆಗ ಹಬ್ಬಹುಣ್ಣಿಮೆಗಳನ್ನು ಚಂದ್ರನ ಲೆಕ್ಕದಲ್ಲೇ ಮಾಡಬೇಕೆನ್ನುವ ಪಂಗಡ ಹಿಡಿದಿತ್ತು. ಮದುವೆಯ ದಿನ ಕರೆಯಲು ಹೋದರೆ, "ಇನ್ನೂ ಆ ದಿನವೇ ಬಂದಿಲ್ಲ" ಎಂದು ಬಾಗಿಲು ಹಾಕಿಕೊಂಡ. ಹಂದಿ ಮಾಂಸದ ಸಾರು ದೊಡ್ಡ ಹಂಡೆಯಲ್ಲಿ ಆರಿಹೋಯಿತು. ಮರ್ತಮ್ಮ ಸುಮ್ಮನಿರುವ ಹೆಂಗಸಲ್ಲ. "ಬೀಗರೇ, ಒಂದ್ಸಲ ತಡ್ಕೊಂಡಿದೀನಿ. ಇನ್ನೊಂದ್ಸಲ ಹಿಂಗಾದ್ರೆ ನನ್ ಮಗನಿಗೆ ಬೇರೆ ಕಡೆ ನೋಡ್ತೀನಿ, ಮಾತಂದ್ರೆ ಮಾತು" ಎಂದು ರೆಜಿನಮ್ಮನ ಮುಖಕ್ಕೇ ಹೇಳಿ ಹೋದಳು.

ಅದಕ್ಕೇ ಈ ಸಲ ರೆಜಿನಮ್ಮ ಎಲ್ಲವನ್ನೂ ನೋಡಿಕೊಂಡಳು. ಬುಧವಾರ ಉಪವಾಸದ ತಪಸ್ಸುಕಾಲ ಶುರು, ಆಮೇಲೆ ಪಾಸ್ಕ ಹಬ್ಬದವರೆಗೂ, ಅಂದರೆ ಈಸ್ಟರಿನವರೆಗೂ, ಮದುವೆ ಇಲ್ಲ. ಆದ್ದರಿಂದ ಅದಕ್ಕೂ ಮುಂಚಿನ ಸೋಮವಾರ ಎಂದು ಇಟ್ಟರು. ಸಾಮೇರನ್ನು ಕೇಳಿದಳು, ಹಂದಿ ಮಾಂಸಕ್ಕೆ ಹೇಳಿದಳು, ವಾದ್ಯದವರಿಗೆ ಹೇಳಿದಳು. ಆ ಸೋಮವಾರದ ಹಿಂದಿನ ದಿನ ತಿಂಗಳ ಮೊದಲ ಭಾನುವಾರ ಎಂಬುದು ಮಾತ್ರ ಅವಳಿಗಾಗಲಿ, ಮರ್ತಮ್ಮನಿಗಾಗಲಿ, ಇಡೀ ಊರಿಗಾಗಲಿ ಹೊಳೆಯಲಿಲ್ಲ. ಉಸಿರಾಡುವುದನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ? ಖಂಡನೆ ನಮಗೆ ಅಷ್ಟು ಅಭ್ಯಾಸ.

ಶನಿವಾರ ಇನ್ಯಾಸಪ್ಪ ಪದ್ಧತಿಯಂತೆ ಪುಸ್ತಕ ಬಿಡಿಸಿದ, ಮಾರನೆಯ ದಿನದ ಅಧ್ಯಾಯವನ್ನು ನೋಡಿದ, ನೋಡಿ ಹೆಂಡತಿಯನ್ನು ಕೂಗಿ ಕರೆದ. "ರೆಜಿನಾ, ಕೆಟ್ವಿ ಕಣೇ" ಎಂದ. ಮದುವೆಯೆಂಬುದು ಸೈತಾನನು ಮಾಡಿದ್ದು, ಆಗುವವರೂ ಮಾಡಿಸುವವರೂ ಅವನ ಆಳುಗಳು ಎನ್ನುವ ಪಂಗಡದ ಅಧ್ಯಾಯ ಅದು.

ಮನೆಯಲ್ಲಿ ಸಾವಾದಂತೆ ಆಯಿತು. ಸಿಸಿಲಿ ಮೊದಲು ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು, "ಈ ತಿಂಗಳು ಬಿಟ್ಬಿಡಪ್ಪ, ಯಾರೇನು ಮಾಡ್ತಾರೆ?" ಎಂದಳು. ಇನ್ಯಾಸಪ್ಪ ಮಗಳ ತಲೆ ಸವರಿದ. "ಬಿಟ್ರೆ ಊರಿಗೇ ಹಿಡಿಯುತ್ತಲ್ಲ ಮಗಾ. ನಾಳಿದ್ದು ನಾನು ಕೊಟ್ಟೆ ಅಂತೀನಿ, ಅಂಬ್ರೋಸ ಬೇಡ ಅಂತಾನೆ, ನೀನೂ ಬೇಡ ಅಂತೀಯ. ಊರಲ್ಲಿರೋ ಗಂಡಹೆಂಡ್ರೆಲ್ಲ ಬೇರೆಬೇರೆ ಆಗ್ತಾರೆ. ನನ್ ಮಗಳ ಮದುವೆಗೆ ಊರಿನ ಮನೆ ಮುರೀಲಾ?" ಎಂದ. ಮರ್ತಮ್ಮನಿಗೆ ಹೇಳಿ ಒಂದು ವಾರ ಮುಂದೆ ಹಾಕೋಣವೆಂದರೆ ತಪಸ್ಸುಕಾಲ ಬಾಗಿಲಲ್ಲೇ ನಿಂತಿದೆ. ಅತ್ತ ದರಿ, ಇತ್ತ ಪುಲಿ.  

ಭಾನುವಾರ ಇನ್ಯಾಸಪ್ಪ ಖಂಡಿಸಿದ ಖಂಡನೆ ಇದೆಯಲ್ಲ, ಅಂಥದ್ದನ್ನು ಅವನ ಬಾಯಲ್ಲಿ ನಾನು ಮುಂಚೆಯೂ ಕೇಳಿಲ್ಲ, ಮುಂದೆಯೂ ಕೇಳುವುದಿಲ್ಲ. ಕಾನಾ ಊರಿನ ಮದುವೆಮನೆಯಲ್ಲಿ ದೇವರ ಮಗನೇ ಊಟಕ್ಕೆ ಕೂತಿದ್ದನ್ನು ಹೇಳುವಾಗ ಅವನು ಸಿಸಿಲಿಯ ಕಡೆಗೇ ನೋಡಿದ. ಮಗಳ ಮೇಲಿನ ಆಸೆಯನ್ನೆಲ್ಲ ಅದರಲ್ಲೇ ಸುರಿದ. ಸುರಿದಷ್ಟೂ ಕೆಟ್ಟಿತು, ಏಕೆಂದರೆ ಖಂಡನೆ ಚೆನ್ನಾದಷ್ಟೂ ಹಿಡಿಯುವುದು ಗಟ್ಟಿ. ಮನೆಗೆ ಬಂದವನು ಒಳಗೆ ಹೆಜ್ಜೆಯಿಡದೆ ಜಗಲಿಯ ಮೇಲೆ ಕೂತ, ಗೋಡೆಯ ಕಡೆ ಮುಖ ಮಾಡಿ, "ಸಹೋದರೀ, ನಾವಿಬ್ಬರೂ ಇಷ್ಟು ಕಾಲ ಸೈತಾನನ ಗದ್ದೆ ಉತ್ತಿದ್ದೇವೆ. ಇನ್ನು ಸಾಕು" ಎಂದ. ಮದುವೆಮನೆಗೆಂದು ಕಟ್ಟಿದ್ದ ಮಾವಿನೆಲೆಯ ತೋರಣವನ್ನು ಒಂದೊಂದೇ ಎಲೆಯಾಗಿ ಕಿತ್ತು ಮೇಕೆಗೆ ಹಾಕಿದ.

ಮಧ್ಯಾಹ್ನ ಸಂತ್ಯಾಗಪ್ಪ ಬಂದ. ಚರ್ಚಿನ ಗಂಟೆ ಹೊಡೆಯುವವನು, ಮದುವೆಯಿಲ್ಲದೆ ಮುದುಕನಾದವನು. "ಅಕ್ಕಾ, ಇದನ್ನ ನಂಗೆ ದಾಟಿಸ್ಕೊಂಡ್ರೆ ನಂಗೇನು ನಷ್ಟ? ಬ್ರಹ್ಮಚಾರಿ ಶತಮರ್ಕಟ. ಮದುವೆ ಬ್ಯಾಡ ಅಂತ ಒಂದು ವಾರ ಅನ್ಕೊಂಡ್ರೆ ನನ್ ಮನೆಯೇನು ಮುಳ್ಗಲ್ಲ" ಎಂದ. ರೆಜಿನಮ್ಮನಿಗೆ ಅವನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಅವನು ಇನ್ಯಾಸಪ್ಪನ ಎದುರು ಕೂತು, "ನೀವು ಹೇಳೋದು, ಮದುವೆ ಅಂದ್ರೆ, ಅದೊಂಥರ ಕಷ್ಟ, ಅಲ್ವಾ?" ಎಂದು ಶುರುಮಾಡಿದ. ಇನ್ಯಾಸಪ್ಪ ಕನಿಕರದಿಂದ ನೋಡಿದ. "ಯಾವ ತರದ ಕಷ್ಟ, ಸಹೋದರಾ?" ಸಂತ್ಯಾಗಪ್ಪ ತಲೆ ಕೆರೆದುಕೊಂಡ. "ಅದೇ, ಹೆಂಗಸ್ರು ಜಾಸ್ತಿ ಮಾತಾಡ್ತಾರೆ." ಇನ್ಯಾಸಪ್ಪ ಇಲ್ಲವೆಂದು ತಲೆಯಾಡಿಸಿ ಮತ್ತೆ ಗೋಡೆಗೆ ತಿರುಗಿದ. ಹೌದು ಅನ್ನಿಸಿಕೊಳ್ಳಲಾಗದ ಮೇಲೆ ಮುರಿಯುವುದೆಲ್ಲಿಂದ ಬಂತು? ಸಂಜೆಯವರೆಗೆ ಕೂತು ಬೆವೆತು ಸಂತ್ಯಾಗಪ್ಪ ಎದ್ದುಹೋದ.

ಸೋಮವಾರ ಚರ್ಚು ತುಂಬಿತ್ತು. ಇನ್ಯಾಸಪ್ಪನನ್ನು ಇಬ್ಬರು ತೋಳು ಹಿಡಿದು ಕರೆತಂದು ನಿಲ್ಲಿಸಿದರು. ಅವನು ಜಗಳ ಮಾಡಲಿಲ್ಲ, ಪಾಪದವನು. ಸಿಸಿಲಿ ಬಿಳಿ ಸೀರೆಯಲ್ಲಿ ಸಿದ್ಧವಾಗಿ ನಿಂತಿದ್ದಳು. ಅಂಬ್ರೋಸನ ಹಣೆಯಲ್ಲಿ ಭಟ್ಟಿಯ ಮುಂದೆಯೂ ಬಾರದಷ್ಟು ಬೆವರು. ಸಾಮೇರು ಕೇಳಿದರು, "ಇನ್ಯಾಸಪ್ಪ, ನಿನ್ನ ಮಗಳನ್ನು ಈ ಹುಡುಗನಿಗೆ ಕೊಡುತ್ತೀಯಾ?" ಇನ್ಯಾಸಪ್ಪನ ಕಣ್ಣಲ್ಲಿ ನೀರಿತ್ತು. "ಇಲ್ಲ ಸಾಮೇರೆ. ನನ್ ಮಗಳ ಮೇಲೆ ನಂಗೆ ಪ್ರೀತಿ ಇದೆ. ಅದಕ್ಕೇ ಕೊಡಲ್ಲ" ಎಂದ. ಮುಂದಿನ ಬೆಂಚಿನಲ್ಲಿ ಮರ್ತಮ್ಮ ತನ್ನ ಚೀಲ ಎತ್ತಿಕೊಂಡು ಎದ್ದು ನಿಂತಳು. "ಅಂಬ್ರೋಸಾ, ನಡಿ ಮನೆಗೆ" ಎಂದಳು.

ಆಗ ರೆಜಿನಮ್ಮ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರವಾಗಿ ಗಂಡನ ಎದುರು ಹೋಗಿ ನಿಂತಳು. "ನೀವು ಹೇಳೋದೇನು ಅಂತ ನಾನು ಹೇಳ್ತೀನಿ, ಸರಿಯೋ ತಪ್ಪೋ ನೋಡಿ. ದೇವ್ರ ಕಡೆ ನೋಡ್ಕೊಂಡಿದ್ದ ಮನುಷ್ಯ, ಮದುವೆ ಆದ ದಿನದಿಂದ ಉಪ್ಪು, ಸೌದೆ, ಮಗೀನ ಜ್ವರ ಇವುಗಳ ಕಡೆ ನೋಡೋ ಹಾಗಾಗುತ್ತೆ. ಹೌದಾ?" ಇನ್ಯಾಸಪ್ಪ ತಲೆಯೆತ್ತಿ, "ಹೌದು" ಎಂದ. "ಹೆಂಗಸಿನ ಪಾಡು ಆ ಪುಸ್ತಕದಲ್ಲಿಲ್ಲ, ನಾನು ಹೇಳ್ತೀನಿ. ತವರಲ್ಲಿ ಹೆಸರಿಟ್ಟು ಕರೆಸ್ಕೊಂಡೋಳು ಇಲ್ಲಿ ಉಪದೇಶಿ ಹೆಂಡ್ತಿ ಆಗ್ತಾಳೆ. ಬಿಸಿದು ಅವನ ತಟ್ಟೆಗೆ, ತಳ ಹಿಡಿದಿದ್ದು ಇವಳಿಗೆ. ಜಪಕ್ಕೆ ಕೂತ್ರೆ ಹಾಲು ಉಕ್ಕುತ್ತೆ. ತನಗೇನು ಇಷ್ಟ ಇತ್ತು ಅನ್ನೋದೇ ಒಂದು ದಿನ ಮರ್ತೋಗುತ್ತೆ. ಇಂಥದನ್ನ ದೇವರು ಮಾಡಿರ್ತಾನಾ? ಬಿಡುವಾಗಿ ಕೂತು ಸೈತಾನನೇ ಮಾಡಿದ್ದು!" "ಹೌದು! ಹೌದು ಸಹೋದರೀ, ನಾನು ಹೇಳೋದು ಇದೇ!" ಎಂದು ಇನ್ಯಾಸಪ್ಪ ಕೂಗಿದ. ಅವನೊಬ್ಬನೇ ಅಲ್ಲ, ಹೆಂಗಸರ ಕಡೆಯ ಬೆಂಚುಗಳೆಲ್ಲ "ಹೌದು" ಎಂದವು. ಮರ್ತಮ್ಮ ಚೀಲ ಕೆಳಗಿಟ್ಟು ತಾನೂ ತಲೆಯಾಡಿಸಿದಳು. ಸಾಮೇರು ಗಾಬರಿಯಿಂದ ಶಿಲುಬೆಯ ಗುರುತು ಹಾಕಿಕೊಂಡರು. ಈಗ ಇವಳು ಮುರಿಯದೆ ಹೋದರೆ ಊರಿಗೇ ಹಿಡಿಯಿತೆಂದೇ ಲೆಕ್ಕ.

ರೆಜಿನಮ್ಮ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ, ಅದೇ ಅವಳ ಕಷ್ಟ. ಅವಳ ಎದೆಯೊಳಗೆ ಎಲ್ಲಾ ಸೇರಿ ಒಂದು ಸಿಟ್ಟಾಗಿ ಕೂತಿತ್ತು. ಸಿಸಿಲಿ "ಅಮ್ಮಾ" ಎಂದಳು. ರೆಜಿನಮ್ಮ ಮಗಳನ್ನು ನೋಡಿದಳು, ಗೋಡೆಯ ಕಡೆ ತಿರುಗಲು ಹೊರಟಿದ್ದ ಗಂಡನನ್ನು ನೋಡಿದಳು.

"ನಾನು ಹೇಳಿದ್ದೆಲ್ಲ ನಿಜ, ಯಾವುದನ್ನೂ ವಾಪಸ್ ತಗೊಳ್ಳಲ್ಲ" ಎಂದಳು. "ಆದ್ರೆ ಇದನ್ನೂ ಕೇಳಿ. ಈ ಊರಲ್ಲಿ ಎಲ್ಲಾರ್ಗೂ ಒಬ್ಬೊಬ್ಬ ಗಂಡ. ನಂಗೆ ತಿಂಗಳಿಗೊಬ್ಬ. ಒಬ್ಬ ಬಂದು ದೇವರು ಇಬ್ರು ಅಂತಾನೆ, ಒಬ್ಬ ಬಂದು ಲೋಕಾನೇ ಸುಳ್ಳು ಅಂತಾನೆ. ಸ್ವರ್ಗ ಬದಲಾಯ್ತು, ನರಕ ಬದಲಾಯ್ತು. ಆದ್ರೆ ಯಾವ ಮತ ಹಿಡಿದು ಬಂದ್ರೂ, ಉಣ್ಣೋಕೆ ಕೂರೋ ಮುಂಚೆ ನೀವು, 'ರೆಜಿನಾ, ನಿಂದು ಊಟ ಆಯ್ತಾ' ಅಂತ ಕೇಳದೆ ಕೂತಿಲ್ಲ. ಲೋಕ ಸುಳ್ಳು ಅಂದೋನೂ ಕೇಳ್ದ. ಮಾತಾಡಬಾರದು ಅಂತ ಮೂಗಿನ ಮೇಲೆ ಬೆರಳಿಟ್ಕೊಂಡೋನು ಇನ್ನೊಂದು ಕೈಲಿ ಸನ್ನೆ ಮಾಡಿ ಕೇಳ್ದ. ನಿನ್ನೆ ನೀವು ಏನ್ ಮಾಡಿದ್ರಿ? ಮದುವೆ ಸೈತಾನಂದು ಅಂತ ಗೋಡೆ ಕಡೆ ತಿರುಗಿ ಕೂತೋರು, ತಟ್ಟೆ ಇಟ್ಟ ತಕ್ಷಣ ಗೋಡೆಗೇ ಹೇಳಿದ್ರಲ್ಲ, 'ಸಹೋದರೀ, ನಿಂದು ಊಟ ಆಯ್ತಾ' ಅಂತ! ಇಷ್ಟು ಪಾಷಂಡ ಬಂದು ಹೋದ್ವು, ಅದೊಂದನ್ನ ಅಳಿಸೋಕೆ ಒಂದ್ರ ಕೈಲೂ ಆಗ್ಲಿಲ್ಲ. ಸೈತಾನ ಮಾಡಿದ್ದು ಇಷ್ಟು ಗಟ್ಟಿ ಬರುತ್ತೇನ್ರೀ? ಅವನಿಗೆ ಅಷ್ಟು ಬಾಳಿಕೆ ಬರೋ ಕೆಲಸ ಎಲ್ಲಿ ಗೊತ್ತು?"

ಚರ್ಚಿನಲ್ಲಿ ಯಾರೋ ನಕ್ಕರು, ಯಾರೋ ಮೂಗೊರೆಸಿಕೊಂಡರು. ಇನ್ಯಾಸಪ್ಪ ನಿದ್ದೆಯಿಂದ ಎದ್ದವನ ಹಾಗೆ ಕಣ್ಣುಜ್ಜಿದ. "ಅಯ್ಯೋ, ಸಿಸಿಲೀ" ಎಂದು ಮಗಳ ಕೈ ಹಿಡಿದ, ಅಂಬ್ರೋಸನ ಕೈಯನ್ನು ತಾನೇ ಎಳೆದುಕೊಂಡು ಅದರಲ್ಲಿಟ್ಟ, "ಕೊಟ್ಟೆ! ಕೊಟ್ಟೆ! ಕೊಟ್ಟೆ!" ಎಂದು ಒಂದು ಸಲ ಸಾಕಾಗಿದ್ದರೂ ಮೂರು ಸಲ ಕೂಗಿದ. ಸಂತ್ಯಾಗಪ್ಪ ಓಡಿಹೋಗಿ ಗಂಟೆ ಹೊಡೆದ. ಮರ್ತಮ್ಮ ಬೀಗಿತ್ತಿಯನ್ನು ಅಪ್ಪಿಕೊಳ್ಳಲು ಕೈ ಚಾಚಿಕೊಂಡು ಬಂದಳು. ರೆಜಿನಮ್ಮ ಅವಳನ್ನು ತಡೆದು, "ಸಹೋದರೀ, ಸೈತಾನನ ಈ ಗದ್ದಲದಲ್ಲಿ ನನಗೇನು ಕೆಲಸ?" ಎಂದು ಗಂಭೀರವಾಗಿ ಹೇಳಿ ಮನೆಗೆ ಹೊರಟುಹೋದಳು. ಅವಳಿಗೆ ಅಷ್ಟು ಗಟ್ಟಿಯಾಗಿ ಹಿಡಿದದ್ದು ಕಂಡು, ಅದಕ್ಕಿಂತ ಒಳ್ಳೆಯ ಖಂಡನೆ ಆಗಿರಲು ಸಾಧ್ಯವೇ ಇಲ್ಲವೆಂದು ಊರು ಚಪ್ಪಾಳೆ ತಟ್ಟಿತು. ಹಂದಿ ಸಾರು ಈ ಸಲ ಹಂಡೆಯ ತಳ ಕಂಡಿತು.

ಮನೆಯಲ್ಲಿ ರೆಜಿನಮ್ಮ ಒಳಕೋಣೆ ಸೇರಿ ಚಿಲಕ ಹಾಕಿಕೊಂಡಳು. ಇನ್ಯಾಸಪ್ಪ ಜೀವಮಾನದಲ್ಲಿ ಮೊದಲ ಸಲ ಒಲೆಯ ಮುಂದೆ ಕೂತ. ಹೊಗೆ ನಮ್ಮ ಮನೆಗೂ ಬಂತು. ಸೀದ ಅನ್ನ, ನೀರಾದ ಸಾರು, ಏನಾದರೂ ಸರಿ, ಮೊದಲು ಅವಳ ಬಾಗಿಲಿಗೆ ಒಂದು ತಟ್ಟೆ ಇಟ್ಟು ಹಿಂದೆ ಸರಿಯುತ್ತಿದ್ದ. ಸ್ವಲ್ಪ ಹೊತ್ತಿಗೆ ಒಂದು ಕೈ ಹೊರಬಂದು ತಟ್ಟೆ ಒಳಗೆ ಹೋಗುತ್ತಿತ್ತು. ಬುಧವಾರ ತಪಸ್ಸುಕಾಲದ ಬೂದಿಯನ್ನು ಹಣೆಗೆ ಹಾಕಿಸಿಕೊಳ್ಳಲು ಮಾತ್ರ ಹೊರಗೆ ಬಂದಳು, ಗಂಡನಿಂದ ಮಾರು ದೂರ ನಡೆದಳು. ಭಾನುವಾರ ಸಂಜೆ ಸಂತ್ಯಾಗಪ್ಪ ಗಂಟೆ ಹೊಡೆದ. ನಾವೆಲ್ಲ ಬಾಗಿಲಲ್ಲಿ ನಿಂತು ನೋಡಿದೆವು, ಚಿಲಕ ತೆಗೆಯಲಿಲ್ಲ. ಮಾರನೆಯ ದಿನವೂ ತೆಗೆಯಲಿಲ್ಲ. ಸಂಸಾರಸ್ಥರಿಗೆ ಹಿಡಿದರೆ ಅಂಟಿಕೊಂಡುಬಿಡುತ್ತದೇನೋ ಎಂದು ಬಾವಿಕಟ್ಟೆಯಲ್ಲಿ ಗುಸುಗುಸು ಹಬ್ಬಿತು. ಸಿಸಿಲಿ ಓಡಿಬಂದು, "ನನ್ನಿಂದ ಅಮ್ಮ ಹಿಂಗಾದ್ಳು" ಎಂದು ಅತ್ತಳು. ಇನ್ಯಾಸಪ್ಪ ಈರುಳ್ಳಿ ಹೆಚ್ಚುತ್ತಾ, "ಏನೂ ಆಗಿಲ್ಲ ಮಗಾ, ನೀನು ಮನೆಗೆ ಹೋಗು" ಎಂದು ಕಳಿಸಿದ. ಆ ವಾರವೂ ಬಾಗಿಲಿಗೆ ತಟ್ಟೆಗಳು ಬಂದವು, ಖಾಲಿಯಾಗಿ ಹೋದವು. ಸಾರು ಸ್ವಲ್ಪ ಸಾರಿನಂತಾಯಿತು. ಒಳಕೋಣೆಯಿಂದ ಒಂದು ಸಣ್ಣ ದನಿ ಬರುತ್ತಿತ್ತು, ಜಪವಿರಬೇಕೆಂದು ನಾನು ತಿಳಿದೆ.

ಎರಡನೆಯ ಭಾನುವಾರದ ಗಂಟೆ ನಿಂತ ಮೇಲೆ ಚಿಲಕ ತೆಗೆದ ಸದ್ದಾಯಿತು. ರೆಜಿನಮ್ಮ ಹೊರಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು, "ಈಗ ಬಿಡ್ತು ಕಣ್ರೀ" ಎಂದಳು. ಇನ್ಯಾಸಪ್ಪ ಸೌದೆ ಒಳಗೆ ತಳ್ಳುತ್ತಾ, "ಹೋದ ಭಾನುವಾರಾನೇ ಬಿಡ್ತಲ್ಲ" ಎಂದ. ಅವಳ ಮುಖ ಕೆಂಪಾಯಿತು. "ನಿಮಗೆ ಹೆಂಗೆ ಗೊತ್ತಾಯ್ತು?"

"ಮದುವೆ ಸೈತಾನಂದು ಅನ್ನೋಳು ದಿನಾ ಕೂತು ಸೋಬಾನೆ ಪದ ಹೇಳ್ತಾಳೇನೇ?"

"ಗೊತ್ತಿದ್ದೂ ಒಂದು ವಾರ ಒಲೆ ಊದಿದ್ರಾ? ಬಾಗಿಲು ತಟ್ಟಿ ಕರೀಬಾರದಾಗಿತ್ತಾ?"

ಇನ್ಯಾಸಪ್ಪ ಕಣ್ಣಿಗೆ ಹೊಗೆ ಹೋದವನ ಹಾಗೆ ಕಣ್ಣೊರೆಸಿಕೊಂಡ. "ನೀನು ಹಾಡ್ತೀಯ ಅಂತಾನೇ ನಂಗೆ ಗೊತ್ತಿರ್ಲಿಲ್ಲ ರೆಜಿನಾ. ಇಷ್ಟು ವರ್ಷ ಜೊತೇಲಿದ್ದು ನಾನು ಒಂದು ಪದಾನೂ ಕೇಳಿಲ್ಲ. ಬಾಗಿಲು ತಟ್ಟಿದ್ರೆ ನಿಂತೋಗುತ್ತಲ್ಲ ಅಂತ ಸುಮ್ನಿದ್ದೆ."

 ರೆಜಿನಮ್ಮ, "ಹಂಗಾದ್ರೆ ನಂಗಿನ್ನೂ ಪೂರ್ತಿ ಬಿಟ್ಟಿಲ್ಲ ಅನ್ಸುತ್ತೆ. ಇನ್ನೊಂದು ವಾರ ನೋಡೋಣ" ಎಂದು ತಿರುಗಿ ಒಳಕೋಣೆಗೆ ಹೋದಳು. ಈ ಸಲ ಚಿಲಕ ಹಾಕಲಿಲ್ಲ.